ಕಂಪನಿಯ ಆರೋಗ್ಯ ತಪಾಸಣೆ: ಹಿಂದಿನ ರಾತ್ರಿಯಿಂದ ರಿಪೋರ್ಟ್ ಕೈಸೇರುವ ತನಕ

‘ನಾಳೆ ಬೆಳಗ್ಗೆ 8ಕ್ಕೆ ಹೆಲ್ತ್ ಚೆಕಪ್, ಖಾಲಿ ಹೊಟ್ಟೆಯಲ್ಲಿ ಬನ್ನಿ.’ ಎಚ್‌ಆರ್‌ನಿಂದ ಬರುವ ಸೂಚನೆ ಸಾಮಾನ್ಯವಾಗಿ ಇಷ್ಟಕ್ಕೇ ಮುಗಿಯುತ್ತದೆ. ಖಾಲಿ ಹೊಟ್ಟೆ ಎಂದರೆ ಎಷ್ಟು ಗಂಟೆ, ಬಿಪಿ ಮಾತ್ರೆ ನುಂಗಬೇಕೋ ಬೇಡವೋ, ರಾತ್ರಿ ಪಾಳಿ ಮುಗಿಸಿ ನೇರ ಬರುವವರು ಏನು ಮಾಡಬೇಕು, ಒಂದನ್ನೂ ಹೇಳಿರುವುದಿಲ್ಲ. ಒಬ್ಬರು ಸಕ್ಕರೆ ಹಾಕದ ಕಾಫಿ ಕುಡಿದು ಬರುತ್ತಾರೆ, ಇನ್ನೊಬ್ಬರು ಮಾತ್ರೆ ಬಿಟ್ಟು ಬರುತ್ತಾರೆ, ಮತ್ತೊಬ್ಬರು ಹಿಂದಿನ ಮಧ್ಯಾಹ್ನದಿಂದಲೇ ಉಪವಾಸ ಮಾಡಿ ತಲೆಸುತ್ತಿಕೊಂಡು ಬರುತ್ತಾರೆ. ಆಮೇಲೆ ರಿಪೋರ್ಟಿನಲ್ಲಿ ದಪ್ಪ ಅಕ್ಷರದ ಅಂಕಿ ನೋಡಿ ಗಾಬರಿ, ಮರುಪರೀಕ್ಷೆ, ಅರ್ಧ ದಿನದ ರಜೆ.

ಇನ್ನು ಕೆಲವರ ತಯಾರಿಯೇ ಬೇರೆ. ಎರಡು ದಿನ ಅನ್ನ, ಸಿಹಿ ಬಿಟ್ಟು ಬರೀ ಸೌತೆಕಾಯಿ ತಿಂದು ‘ನಾರ್ಮಲ್’ ತರಿಸಿಕೊಳ್ಳುವ ಲೆಕ್ಕಾಚಾರ. ಹೀಗೆ ಮಾಡಿದರೆ ಟ್ರೈಗ್ಲಿಸರೈಡ್ ಎಂಬ ರಕ್ತದ ಕೊಬ್ಬು ಒಂದಷ್ಟು ಇಳಿಯಬಹುದು. ಆದರೆ ಎಚ್‌ಬಿಎ1ಸಿ ಸುಮಾರು ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುವ ಪರೀಕ್ಷೆ. ಎರಡು ದಿನದ ಪಥ್ಯ ಅದಕ್ಕೆ ಗೊತ್ತೂ ಆಗುವುದಿಲ್ಲ. ವರ್ಷವಿಡೀ ಹೇಗೆ ಉಣ್ಣುತ್ತೀರೋ ಹಿಂದಿನ ವಾರವೂ ಹಾಗೆಯೇ ಉಣ್ಣಿ. ಊಟದ ಮಟ್ಟಿಗೆ ಕೊನೆಯ 12 ಗಂಟೆಯನ್ನು ಮಾತ್ರ ಶಿಸ್ತಾಗಿ ಇಟ್ಟುಕೊಳ್ಳಿ.

ಯಾವ ಪರೀಕ್ಷೆ ಎಂದು ಮೊದಲು ಕೇಳಿ

ಸಾಫ್ಟ್‌ವೇರ್ ಕಚೇರಿಯ ವಾರ್ಷಿಕ ಪ್ಯಾಕೇಜು ಬಹುತೇಕ ಒಂದೇ ತರಹ: ರಕ್ತಕಣಗಳ ಎಣಿಕೆ, ಶುಗರ್, ಕೊಲೆಸ್ಟ್ರಾಲ್, ಮೂತ್ರಪಿಂಡದ ಸ್ಥಿತಿ ಹೇಳುವ ಕ್ರಿಯಾಟಿನಿನ್, ಲಿವರ್ ಕಿಣ್ವಗಳು, ಥೈರಾಯ್ಡ್, ಮೂತ್ರ, ಇಸಿಜಿ, ಕಣ್ಣು. ಕಾರ್ಖಾನೆಯಲ್ಲಿ ಇದರ ಜೊತೆಗೆ ನೀವು ಮಾಡುವ ಕೆಲಸಕ್ಕೆ ತಕ್ಕ ಪರೀಕ್ಷೆಗಳು ಸೇರುತ್ತವೆ. ಪ್ರೆಸ್ ಶಾಪ್, ಜನರೇಟರ್ ರೂಮಿನವರಿಗೆ ಕಿವಿ ಪರೀಕ್ಷೆ. ಬೆಳಗಾವಿಯ ಫೌಂಡ್ರಿ, ಜಿಗಣಿಯ ಗ್ರಾನೈಟ್ ಘಟಕಗಳಂಥ ಕಡೆ ಸಿಲಿಕಾ ದೂಳಿನಲ್ಲಿ ದುಡಿಯುವವರಿಗೆ ಎದೆಯ ಎಕ್ಸ್‌ರೇ, ಶ್ವಾಸ ಪರೀಕ್ಷೆ. ಬ್ಯಾಟರಿ ತಯಾರಿಸುವಲ್ಲಿ ರಕ್ತದ ಸೀಸದ ಮಟ್ಟ. ಕ್ರೇನ್, ಫೋರ್ಕ್‌ಲಿಫ್ಟ್ ಓಡಿಸುವವರಿಗೆ ದೂರದೃಷ್ಟಿ ಮತ್ತು ಬಣ್ಣ ಗುರುತಿಸುವ ಪರೀಕ್ಷೆ.

ಭೋಪಾಲ್ ದುರಂತದ ಬಳಿಕ, 1987ರಲ್ಲಿ, 1948ರ ಕಾರ್ಖಾನೆ ಕಾಯ್ದೆಗೆ 41ಸಿ ಎಂಬ ಕಲಮು ಸೇರಿತು. ಅಪಾಯಕಾರಿ ಪ್ರಕ್ರಿಯೆಯ ಕೆಲಸಕ್ಕೆ ಹಾಕುವ ಮುನ್ನ ಒಮ್ಮೆ, ಆ ಕೆಲಸದಲ್ಲಿ ಇರುವಷ್ಟು ಕಾಲವೂ ಬಿಟ್ಟ ಮೇಲೂ 12 ತಿಂಗಳು ಮೀರದ ಅಂತರದಲ್ಲಿ ಮತ್ತೆ ಮತ್ತೆ ವೈದ್ಯಕೀಯ ತಪಾಸಣೆ ಆಗಬೇಕು ಎಂದು ಅದು ಹೇಳಿತು. ಕಾರ್ಮಿಕನ ಆರೋಗ್ಯ ದಾಖಲೆಯನ್ನು ಇಟ್ಟುಕೊಳ್ಳುವುದು ಮಾಲೀಕನ ಹೊಣೆ, ಅದನ್ನು ನೋಡುವುದು ಕಾರ್ಮಿಕನ ಹಕ್ಕು ಎಂಬುದೂ ಅಲ್ಲೇ ಬಂತು. ಸರ್ಕಾರ ಗೊತ್ತುಪಡಿಸಿದ ವಯಸ್ಸಿನ, ವರ್ಗದ ಉದ್ಯೋಗಿಗಳಿಗೆ ವರ್ಷಕ್ಕೊಮ್ಮೆ ಉಚಿತ ತಪಾಸಣೆ ಎಂಬ ಮಾತು ಆ ಕಾಯ್ದೆಯ ಜಾಗಕ್ಕೆ ಬಂದ 2020ರ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕಾರ್ಯಸ್ಥಿತಿ ಸಂಹಿತೆಯಲ್ಲಿದೆ. ಆದ್ದರಿಂದ ‘ಯಾವ್ಯಾವ ಟೆಸ್ಟ್ ಮಾಡ್ತೀರಿ, ಪಟ್ಟಿ ಕೊಡಿ’ ಎಂದು ಕೇಳಲು ಸಂಕೋಚ ಬೇಡ. ಪಟ್ಟಿ ಕೈಯಲ್ಲಿ ಇಲ್ಲದೆ ಕೆಳಗಿನ ಯಾವ ತಯಾರಿಯೂ ಸರಿಯಾಗಿ ಆಗದು.

ಹೊಟ್ಟೆ ಖಾಲಿ, ನೀರು ಬೇಕಾದಷ್ಟು

ಶುಗರ್ ಒಂದೇ ಆದರೆ 8 ಗಂಟೆ ಸಾಕು. ಕೊಲೆಸ್ಟ್ರಾಲ್, ಟ್ರೈಗ್ಲಿಸರೈಡ್ ಕೂಡ ಇದ್ದರೆ 10ರಿಂದ 12 ಗಂಟೆ. ಬೆಳಗ್ಗೆ 8ಕ್ಕೆ ರಕ್ತ ಕೊಡುವುದಾದರೆ ರಾತ್ರಿ 8ರಿಂದ 9ರೊಳಗೆ ಊಟ ಮುಗಿಸಿ. ಊಟ ಮಾಮೂಲಿನದೇ ಇರಲಿ, ಮುದ್ದೆ ಸಾರು ಆದರೂ ಸರಿ, ಚಪಾತಿ ಪಲ್ಯ ಆದರೂ ಸರಿ. ಮದುವೆಮನೆ ಊಟ, ಬಿರಿಯಾನಿ, ಕರಿದದ್ದು ಮಾತ್ರ ಬೇಡ. ಕೊಬ್ಬಿನ ಊಟದ ಮರುದಿನ ರಕ್ತದ ಸೀರಂ ಹಾಲಿನಂತೆ ಕದಡಿ ಬೇರೆ ಪರೀಕ್ಷೆಗಳ ಅಳತೆಯನ್ನೂ ಕೆಡಿಸಬಲ್ಲದು. 12 ಗಂಟೆ ಒಳ್ಳೆಯದಾದರೆ 18 ಗಂಟೆ ಇನ್ನೂ ಒಳ್ಳೆಯದು ಎಂದುಕೊಳ್ಳಬೇಡಿ. ಅತಿ ಉಪವಾಸದಿಂದ ಕೆಲವರಲ್ಲಿ ಬಿಲಿರುಬಿನ್ ಎಂಬ ಪಿತ್ತದ ಹಳದಿ ಅಂಶ ಏರಿ ಕಾಮಾಲೆಯ ಅನುಮಾನ ಹುಟ್ಟುತ್ತದೆ.

ನೀರು ಕುಡಿಯಬಹುದು, ಕುಡಿಯಲೇಬೇಕು. ಎದ್ದ ಮೇಲೆ ಒಂದೆರಡು ಲೋಟ ನೀರು ಕುಡಿದವರ ರಕ್ತನಾಳ ಸುಲಭವಾಗಿ ಸಿಗುತ್ತದೆ. ಹಲ್ಲುಜ್ಜಬಹುದು. ಕಾಫಿ, ಟೀ, ಎಳನೀರು, ಜೇನುತುಪ್ಪದ ಬಿಸಿನೀರು, ಚೂಯಿಂಗ್ ಗಮ್ ಬೇಡ. ಬೀಡಿ, ಸಿಗರೇಟು ಸಕ್ಕರೆ ಮತ್ತು ರಕ್ತದೊತ್ತಡ ಎರಡನ್ನೂ ಏರಿಸುತ್ತವೆ. ಎಲೆಅಡಿಕೆಯನ್ನು ತಿಂಡಿ ಎಂದು ಯಾರೂ ಎಣಿಸದೆ ಇರುವುದರಿಂದ ಪ್ರತ್ಯೇಕವಾಗಿ ಹೇಳಬೇಕು: ಅದೂ ಬೇಡ, ಗುಟ್ಕಾ ಅಂತೂ ಬೇಡವೇ ಬೇಡ.

ಹಿಂದಿನ ಎರಡು ಮೂರು ದಿನ ಮದ್ಯ ಮುಟ್ಟದಿದ್ದರೆ ಟ್ರೈಗ್ಲಿಸರೈಡ್ ಮತ್ತು ಲಿವರ್ ಅಂಕಿಗಳು ನಂಬುವಂತೆ ಬರುತ್ತವೆ. ಜಿಮ್‌ಗೆ ಹೋಗುವವರು ಭಾರ ಎತ್ತುವುದನ್ನು 48 ಗಂಟೆ ಮೊದಲೇ ನಿಲ್ಲಿಸಿ. ದಣಿದ ಸ್ನಾಯುವಿನಿಂದ ಸೋರುವ ಕಿಣ್ವಗಳಲ್ಲಿ ಎಸ್‌ಜಿಒಟಿ ಕೂಡ ಒಂದು. ಅದು ಹೆಚ್ಚಿದ್ದರೆ ಮೊದಲ ಅನುಮಾನ ಲಿವರಿನ ಮೇಲೆ ಬೀಳುತ್ತದೆ. ಮೂತ್ರದಲ್ಲಿ ಪ್ರೋಟೀನ್ ಕಾಣುವುದಕ್ಕೂ ಹಿಂದಿನ ದಿನದ ಬೆವರು ಹರಿಸಿದ ವ್ಯಾಯಾಮ ಸಾಕು.

ತಿಂಡಿಯ ನಂತರದ ಶುಗರ್ ಪರೀಕ್ಷೆ ಇದ್ದರೆ ಗಡಿಯಾರ ನೋಡಿಕೊಳ್ಳಿ. 2 ಗಂಟೆಯ ಲೆಕ್ಕ ತಿಂಡಿಯ ಮೊದಲ ತುತ್ತಿನಿಂದ. ದಿನವೂ ನಾಲ್ಕು ಇಡ್ಲಿ ತಿನ್ನುವವರು ಅಂದೂ ನಾಲ್ಕೇ ತಿನ್ನಿ. ಮಧ್ಯೆ ಬಿಸ್ಕತ್ತು, ಟೀ ಬೇಡ. ಶುಗರ್ ಇಳಿಯಲೆಂದು ಮೆಟ್ಟಿಲು ಹತ್ತಿಳಿಯುವುದೂ ಬೇಡ. ಎರಡನೆಯ ಸಲ ರಕ್ತ ಕೊಡಲು ಮರೆತು ಮೀಟಿಂಗಿಗೆ ಹೋಗಿಬಿಡುವುದು ಕಚೇರಿ ಕ್ಯಾಂಪುಗಳ ಮಾಮೂಲಿ ಎಡವಟ್ಟು. ಫೋನಿನಲ್ಲಿ ಅಲಾರಾಂ ಇಟ್ಟುಕೊಳ್ಳಿ.

ರಾತ್ರಿ ಪಾಳಿಯವರಿಗೆ

ಪಾಳಿ ಮುಗಿಸಿ ನೇರ ಕ್ಯಾಂಪಿಗೆ ನಡೆಯುವುದು ಅನುಕೂಲ ಅನ್ನಿಸಿದರೂ ಆ ಹೊತ್ತಿನ ಅಂಕಿಗಳು ನಂಬಿಕೆಗೆ ಅರ್ಹವಲ್ಲ. ರಾತ್ರಿ 2ರ ಕ್ಯಾಂಟೀನ್ ಟೀ, ಬನ್ನು ಉಪವಾಸ ಮುರಿದಿರುತ್ತದೆ. ನಿದ್ದೆಗೆಟ್ಟವರ ಬಿಪಿ ಏರಿರುತ್ತದೆ. ಗದ್ದಲದ ಶೆಡ್‌ನಿಂದ ಹೊರಬಂದ ಕಿವಿ ಇನ್ನೂ ಗುಂಯ್ ಎನ್ನುತ್ತಿರುತ್ತದೆ. ವಾರದ ರಜೆಯ ಮರುದಿನ, ಪಾಳಿಗೆ ಮುಂಚೆ ಸಮಯ ಕೊಡಿ ಎಂದು ಸೂಪರ್‌ವೈಸರ್ ಬಳಿ ಮುಂಚಿತವಾಗಿ ಕೇಳಿ. ಆಗದು ಎಂದರೆ ರಾತ್ರಿ 10ಕ್ಕೆ ಊಟ ಮುಗಿಸಿ ಬರೀ ನೀರಿನಲ್ಲಿ ಇರಿ, ಮತ್ತು ಫಾರಂನಲ್ಲಿ ‘ರಾತ್ರಿ ಪಾಳಿ ಮುಗಿಸಿ ಬಂದಿದ್ದೇನೆ’ ಎಂದು ಬರೆಸಿ. ಮಧುಮೇಹದ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ದುಡಿಯುತ್ತಾ ಉಪವಾಸ ಇರುವ ಸಾಹಸ ಮಾಡಬೇಡಿ, ಬೇರೆ ದಿನ ಕೇಳಿ.

ಮಾತ್ರೆಗಳ ವಿಚಾರ

ಬಿಪಿ ಮಾತ್ರೆಯನ್ನು ಎಂದಿನಂತೆ, ಎಂದಿನ ಹೊತ್ತಿಗೆ, ನೀರಿನೊಂದಿಗೆ ನುಂಗಿ. ಮಾತ್ರೆ ಬಿಟ್ಟು ಬಂದರೆ ಬಿಪಿ 170 ತೋರಿಸಿ ‘ಸದ್ಯಕ್ಕೆ ಫಿಟ್ ಅಲ್ಲ’ ಎಂದು ಬರೆಸಿಕೊಂಡು ಹೋಗುವುದಷ್ಟೇ ಲಾಭ. ಶುಗರ್ ಮಾತ್ರೆ, ಇನ್ಸುಲಿನ್ ಇದಕ್ಕೆ ತದ್ವಿರುದ್ಧ: ಊಟ ಇಲ್ಲದೆ ತೆಗೆದುಕೊಂಡರೆ ಸಕ್ಕರೆ ಕುಸಿಯಬಹುದು. ಜೊತೆಗೆ ಕೊಂಡೊಯ್ದು, ರಕ್ತ ಕೊಟ್ಟ ಮೇಲೆ ತಿಂಡಿಯೊಂದಿಗೆ ತೆಗೆದುಕೊಳ್ಳಿ. ರಾತ್ರಿಯ ಇನ್ಸುಲಿನ್ ಪ್ರಮಾಣವನ್ನು ನಿಮ್ಮ ವೈದ್ಯರ ಬಳಿ ಮೊದಲೇ ಮಾತಾಡಿ. ಥೈರಾಯ್ಡ್ ಮಾತ್ರೆಯನ್ನು ರಕ್ತ ಕೊಟ್ಟ ನಂತರ ನುಂಗಿದರೆ ಒಳಿತು.

ಕೂದಲು ಉದುರುವುದಕ್ಕೆ ತಿನ್ನುವ ಬಯೋಟಿನ್ ಮಾತ್ರೆಯ ಬಗ್ಗೆ ಯಾರೂ ಕೇಳುವುದಿಲ್ಲ, ನೀವೇ ಹೇಳಬೇಕು. ಅದು ದೇಹದಲ್ಲಿನ ಹಾರ್ಮೋನನ್ನು ಏನೂ ಮಾಡದೆ ಲ್ಯಾಬಿನ ರಾಸಾಯನಿಕ ಕ್ರಿಯೆಯನ್ನಷ್ಟೇ ದಾರಿ ತಪ್ಪಿಸಿ, ಸರಿ ಇರುವ ಥೈರಾಯ್ಡನ್ನು ಕಾಯಿಲೆಯಂತೆ ತೋರಿಸಬಲ್ಲದು. ಕನಿಷ್ಠ 2 ದಿನ ಮೊದಲೇ ನಿಲ್ಲಿಸಿ. ವಿಟಮಿನ್ ಸಿ ಮಾತ್ರೆ ಜಾಸ್ತಿ ನುಂಗಿದ್ದರೆ ಮೂತ್ರಕ್ಕೆ ಅದ್ದಿ ನೋಡುವ ಪರೀಕ್ಷಾ ಪಟ್ಟಿಯಲ್ಲಿ ರಕ್ತ, ಸಕ್ಕರೆ ಇದ್ದರೂ ಇಲ್ಲವೆಂದು ಬರಬಹುದು. ಔಷಧಿಗಳ ಹೆಸರು ನೆನಪಿರುವುದಿಲ್ಲ ಎನ್ನುವವರು ಮಾತ್ರೆಯ ಹಾಳೆಯನ್ನೇ ಜೇಬಿಗೆ ಹಾಕಿಕೊಳ್ಳಿ.

ಸರದಿ ತಪ್ಪಿದರೆ ಪರದಾಟ

ಕ್ಯಾಂಪಿನಲ್ಲಿ ಯಾವ ಸಾಲು ಚಿಕ್ಕದೋ ಅದರಲ್ಲಿ ನಿಲ್ಲುವುದು ಎಲ್ಲರ ಸ್ವಭಾವ. ತೊಂದರೆ ಶುರುವಾಗುವುದೇ ಅಲ್ಲಿಂದ. ಹೊಟ್ಟೆಯ ಕೆಳಭಾಗದ ಸ್ಕ್ಯಾನಿಂಗಿಗೆ ಮೂತ್ರಕೋಶ ತುಂಬಿರಬೇಕು. ಮೂತ್ರದ ಸ್ಯಾಂಪಲ್ ಕೊಟ್ಟರೆ ಅದು ಖಾಲಿಯಾಗುತ್ತದೆ. ತುಂಬಿದ ಮೂತ್ರಕೋಶ ಹೊತ್ತು ಕೂತರೆ ಬಿಪಿ ಏರುತ್ತದೆ. ಸೂಜಿ ಚುಚ್ಚಿಸಿಕೊಂಡ ಗಾಬರಿಯಲ್ಲೂ ಬಿಪಿ ಏರುತ್ತದೆ. ಶ್ವಾಸ ಪರೀಕ್ಷೆ ಹೊಟ್ಟೆ ಬಿರಿಯ ತಿಂದ ಮೇಲೆ ಆಗದು.

ಸಾಧ್ಯವಾದರೆ ಹೀಗೆ ಹೋಗಿ: ಮೊದಲು ಮೂತ್ರ ಕೊಡಿ, ನಂತರ 5 ನಿಮಿಷ ಕೂತು ಬಿಪಿ, ಆಮೇಲೆ ರಕ್ತ, ಇಸಿಜಿ, ಎಕ್ಸ್‌ರೇ, ಶ್ವಾಸ ಮತ್ತು ಕಿವಿ. ಸ್ಕ್ಯಾನಿಂಗ್ ಇದ್ದರೆ ಮೂತ್ರ ಕೊಟ್ಟ ಕೂಡಲೇ ನಾಲ್ಕೈದು ಲೋಟ ನೀರು ಕುಡಿಯಲು ಶುರುಮಾಡಿ, ಸುಮಾರು ಒಂದು ಗಂಟೆಯಲ್ಲಿ ಮೂತ್ರಕೋಶ ತುಂಬುತ್ತದೆ. ಪಿತ್ತಕೋಶ ನೋಡಬೇಕಾದ್ದರಿಂದ ಸ್ಕ್ಯಾನ್ ಮುಗಿಯುವವರೆಗೆ ತಿಂಡಿ ಬೇಡ. ತಿಂಡಿ ಆದ ಮೇಲೆ ಕಣ್ಣು, ಹಲ್ಲು, ವೈದ್ಯರ ಭೇಟಿ.

ಮೂತ್ರದ ಡಬ್ಬಿಗೆ ಮೊದಲ ಧಾರೆ ಬಿಟ್ಟು ನಡುವಿನ ಧಾರೆ ಹಿಡಿಯಿರಿ, 20ರಿಂದ 30 ಮಿ.ಲೀ. ಸಾಕು. ಮನೆಯಿಂದ ತರುವುದಾದರೆ ಲ್ಯಾಬಿನವರ ಡಬ್ಬಿಯಲ್ಲೇ ತನ್ನಿ. ತೊಳೆದ ಜ್ಯೂಸ್ ಬಾಟಲಿಯಲ್ಲಿ ಉಳಿದ ಸಕ್ಕರೆಯೇ ಪರೀಕ್ಷೆಯಲ್ಲಿ ಕಾಣಬಹುದು. ಒಂದು ಗಂಟೆಯೊಳಗೆ ತಲುಪಿಸಿ. ಮುಟ್ಟಿನ ದಿನಗಳಲ್ಲಿ ಮೂತ್ರದಲ್ಲಿ ರಕ್ತಕಣ ಕಾಣುವುದು ಖಚಿತ, ಆದ್ದರಿಂದ ಮುಟ್ಟು ನಿಂತು ಎರಡು ಮೂರು ದಿನ ಆದ ಮೇಲೆ ಕೊಡುತ್ತೇನೆ ಎನ್ನಿ. ಗರ್ಭಕೊರಳಿನ ಕ್ಯಾನ್ಸರ್ ಪತ್ತೆಗೆ ಮಾಡುವ ಪ್ಯಾಪ್ ಸ್ಮಿಯರ್‌ಗೂ ಇದೇ ಮಾತು. ಅದಕ್ಕೆ ಹಿಂದಿನ 48 ಗಂಟೆ ಸಂಭೋಗ, ಯೋನಿಗೆ ಹಾಕುವ ಔಷಧಿ ಎರಡೂ ಕೂಡದು.

ಬಿಪಿ ನೋಡುವಾಗ ಬೆನ್ನು ಒರಗಿರಲಿ, ಪಾದ ನೆಲದ ಮೇಲಿರಲಿ, ಕಾಲ ಮೇಲೆ ಕಾಲು ಬೇಡ, ಕೈ ಎದೆಯ ಮಟ್ಟದಲ್ಲಿ ಮೇಜಿನ ಮೇಲಿರಲಿ, ಬಾಯಿ ಮುಚ್ಚಿರಲಿ. ಪಟ್ಟಿಯನ್ನು ತೋಳಿನ ಚರ್ಮಕ್ಕೇ ಸುತ್ತಬೇಕು, ಯೂನಿಫಾರಂ ಮೇಲೆ ಅಲ್ಲ. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಸುತ್ತಿದರೆ ಅಂಕಿ ಸುಳ್ಳಾಗಿ ಏರುತ್ತದೆ, ದೊಡ್ಡದು ಇದೆಯೇ ಎಂದು ಕೇಳಿ. ಮೊದಲ ಅಂಕಿ ಹೆಚ್ಚು ಬಂದರೆ ಸಾಲಿನಿಂದ ಪಕ್ಕಕ್ಕೆ ಕೂತು 5 ನಿಮಿಷ ಬಿಟ್ಟು ಮತ್ತೆ ನೋಡಿಸಿ.

ರಕ್ತ ಕೊಡುವಾಗ ಮುಷ್ಟಿ ಬಿಗಿ ಹಿಡಿದರೆ ಸಾಕು, ಪದೇಪದೇ ಬಿಚ್ಚಿ ಮುಚ್ಚಬೇಡಿ. ಹಾಗೆ ಮಾಡಿದರೆ ಪೊಟ್ಯಾಶಿಯಂ ಏರಿದಂತೆ ಕಾಣುತ್ತದೆ. ಮೊದಲು ಎಂದಾದರೂ ಸೂಜಿ ನೋಡಿ ತಲೆಸುತ್ತಿ ಬಿದ್ದಿದ್ದರೆ ಮೊದಲೇ ಹೇಳಿ ಮಲಗಿ ಕೊಡಿ. ನಂತರ ಹತ್ತಿಯನ್ನು ಕೈ ನೆಟ್ಟಗಿಟ್ಟು ನಾಲ್ಕೈದು ನಿಮಿಷ ಒತ್ತಿ ಹಿಡಿಯಿರಿ, ಮೊಣಕೈ ಮಡಚಿದರೆ ನೀಲಿಗಟ್ಟುತ್ತದೆ. ಸೀಸದ ಪರೀಕ್ಷೆ ಇರುವವರು ಕೆಲಸದ ಬಟ್ಟೆಯಲ್ಲಿ ಬರಬಾರದು. ಸ್ನಾನ ಮಾಡಿ, ಬಟ್ಟೆ ಬದಲಿಸಿ, ತೋಳನ್ನು ಸೋಪಿನಿಂದ ತೊಳೆದು ಬನ್ನಿ. ಚರ್ಮದ ಮೇಲಿನ ಸೀಸದ ಪುಡಿ ಸೂಜಿಯ ಜೊತೆ ಟ್ಯೂಬಿಗೆ ಹೋದರೆ ರಕ್ತದ ಅಂಕಿ ಸುಳ್ಳಾಗಿ ಏರುತ್ತದೆ.

ಇಸಿಜಿ ದಿನ ಎದೆಗೆ ಎಣ್ಣೆ, ಪೌಡರ್, ಲೋಷನ್ ಹಚ್ಚಬೇಡಿ, ಪಟ್ಟಿ ಅಂಟುವುದಿಲ್ಲ. ಬಿಚ್ಚಲು ಸುಲಭವಾದ ಮೇಲುಡುಪು ಹಾಕಿ. ಚೂಡಿದಾರಕ್ಕಿಂತ ಶರ್ಟು, ಕುರ್ತಾ ವಾಸಿ. ಎಕ್ಸ್‌ರೇಗೆ ಸರ, ಮಾಂಗಲ್ಯ, ತಾಯಿತ, ಹುಕ್ಕಿನ ಒಳಉಡುಪು ತೆಗೆಯಬೇಕಾಗುತ್ತದೆ. ಮಾಂಗಲ್ಯ ತೆಗೆಯಲು ಮನಸ್ಸಿಲ್ಲದವರು ಮೊದಲೇ ಹೇಳಿದರೆ ಎದೆಗೂಡಿನಿಂದ ಮೇಲಕ್ಕೆ, ಗದ್ದದ ಹತ್ತಿರಕ್ಕೆ ಸರಿಸಿಡಬಹುದೇ ಎಂದು ಟೆಕ್ನಿಷಿಯನ್ ನೋಡುತ್ತಾರೆ. ಉದ್ದ ಜಡೆಯನ್ನು ಮೇಲೆ ಕಟ್ಟಿ, ಜಡೆಯ ನೆರಳು ಶ್ವಾಸಕೋಶದ ಮೇಲೆ ಕಲೆಯಂತೆ ಕಾಣುತ್ತದೆ. ಗರ್ಭಿಣಿಯಾಗಿದ್ದರೆ, ಅಥವಾ ತಿಂಗಳು ತಪ್ಪಿ ಅನುಮಾನ ಇದ್ದರೆ, ಎಕ್ಸ್‌ರೇ ಕೋಣೆಯ ಹೊರಗೇ ಹೇಳಿ.

ಕಿವಿ ಮತ್ತು ಉಸಿರು

ಕಾರ್ಖಾನೆಯವರಿಗೆ ಅತಿ ಮುಖ್ಯವಾದ, ಆದರೆ ಅತಿ ಅವಸರದಲ್ಲಿ ಮುಗಿಯುವ ಪರೀಕ್ಷೆ ಇವೆರಡು.

ಗದ್ದಲದಲ್ಲಿ ಕೆಲಸ ಮಾಡಿ ಬಂದ ಕಿವಿ ತಾತ್ಕಾಲಿಕವಾಗಿ ಮಂಕಾಗಿರುತ್ತದೆ, ಸುಧಾರಿಸಿಕೊಳ್ಳಲು ಹೊತ್ತು ಬೇಕು. ಅದಕ್ಕೇ ಪರೀಕ್ಷೆಗೆ ಮುಂಚೆ 14ರಿಂದ 16 ಗಂಟೆ ದೊಡ್ಡ ಸದ್ದಿನಿಂದ ದೂರ ಇರಬೇಕು ಎಂಬ ನಿಯಮ. ಪಾಳಿಯ ನಡುವೆ ‘ಹತ್ತು ನಿಮಿಷ ಬಂದು ಹೋಗಿ’ ಎಂದು ಕರೆದು ಮಾಡುವ ಪರೀಕ್ಷೆ ಈ ನಿಯಮಕ್ಕೆ ವಿರುದ್ಧ. ಡಿಜೆ ಹಾಕಿದ ಗಣಪತಿ ಮೆರವಣಿಗೆ, ಇಯರ್‌ಫೋನ್, ದೂರದ ಬೈಕ್ ಸವಾರಿ ಕೂಡ ಸದ್ದೇ. ಒಂದು ವಾರ ಮೊದಲು ಕಿವಿಯ ಗುಗ್ಗೆ ಇದೆಯೇ ಎಂದು ವೈದ್ಯರಲ್ಲಿ ತೋರಿಸಿ. ಕಡ್ಡಿ, ಪಿನ್ನು ಹಾಕಿದರೆ ಗುಗ್ಗೆ ಒಳಕ್ಕೇ ಹೋಗುತ್ತದೆ. ನೆಗಡಿ, ಕಿವಿ ನೋವು ಇದ್ದರೆ ಮುಂದೂಡಿ.

ಪರೀಕ್ಷೆಯಲ್ಲಿ ಹೆಡ್‌ಫೋನಿನ ಕೆಂಪು ಬಲಕಿವಿಗೆ, ನೀಲಿ ಎಡಕ್ಕೆ. ಕನ್ನಡಕ, ಓಲೆ ತೆಗೆಯಿರಿ. ಸ್ವರ ಎಷ್ಟೇ ಸಣ್ಣಗೆ ಕೇಳಿದರೂ ಗುಂಡಿ ಒತ್ತಿ, ಖಾತ್ರಿಯಾಗಲಿ ಎಂದು ಕಾಯಬೇಡಿ. ಫ್ಯಾನಿನ ಸದ್ದು, ಪಕ್ಕದವರ ಮಾತು ಕೇಳುತ್ತಿದ್ದರೆ ಹೇಳಿ. ಊಟದ ಹಾಲಿನ ಮೂಲೆಯಲ್ಲಿ ಮಾಡಿದ ಕಿವಿ ಪರೀಕ್ಷೆಗೆ ಅರ್ಥವಿಲ್ಲ. ಗದ್ದಲದಿಂದ ಆಗುವ ಹಾನಿ ಮೊದಲು ಗ್ರಾಫಿನ 4000 ಹರ್ಟ್ಸ್ ಆಸುಪಾಸಿನಲ್ಲಿ ಹಳ್ಳದಂತೆ ಇಳಿದು ಕಾಣುತ್ತದೆ. ಆ ಹಂತದಲ್ಲಿ ಮಾತು ಚೆನ್ನಾಗಿಯೇ ಕೇಳುತ್ತಿರುತ್ತದೆ, ಹಾಗಾಗಿ ನಿಮಗೇ ಗೊತ್ತಾಗುವುದಿಲ್ಲ. ಗ್ರಾಫಿನಲ್ಲಿ ಆ ಒಂದು ಜಾಗವನ್ನು ತೋರಿಸಿ ಎಂದು ಕೇಳಿ.

ಶ್ವಾಸ ಪರೀಕ್ಷೆಗೆ ಮುಂಚೆ ಒಂದು ಗಂಟೆ ಬೀಡಿ ಮತ್ತು ಓಟ ಬೇಡ, ಬೆಲ್ಟು ಸಡಿಲ ಇರಲಿ, ಗಟ್ಟಿ ಕೂರುವ ಹಲ್ಲಿನ ಸೆಟ್ ತೆಗೆಯುವುದು ಬೇಡ. ಇನ್‌ಹೇಲರ್ ಬಳಸುವವರು ಅಂದು ತೆಗೆದುಕೊಳ್ಳಬೇಕೇ ಎಂದು ಮೊದಲೇ ವಿಚಾರಿಸಿ. ಉಸಿರು ಕಟ್ಟಿದರೆ ಮಾತ್ರ ಯಾರನ್ನೂ ಕೇಳದೆ ತೆಗೆದುಕೊಳ್ಳಿ. ಎದೆ ತುಂಬ ಉಸಿರೆಳೆದು, ತುಟಿಯಿಂದ ಕೊಳವೆಯನ್ನು ಬಿಗಿಯಾಗಿ ಮುಚ್ಚಿ, ಒಮ್ಮೆಲೇ ಸ್ಫೋಟದಂತೆ ಊದಿ, ಆಮೇಲೂ 6 ಸೆಕೆಂಡಾದರೂ ಊದುತ್ತಲೇ ಇರಬೇಕು. ಬಹಳ ಜನ ಒಲೆ ಊದಿದಂತೆ ಮೆಲ್ಲಗೆ ಊದುತ್ತಾರೆ. ಫಲಿತಾಂಶ ‘ಶ್ವಾಸಕೋಶ ಕುಗ್ಗಿದೆ’ ಎಂದು ಬರುತ್ತದೆ, ಕುಗ್ಗಿದ್ದು ಪ್ರಯತ್ನ ಮಾತ್ರ. ಒಂದಕ್ಕೊಂದು ಹೊಂದುವ ಮೂರು ಊದು ಬೇಕು, ಒಂದೇ ಸಲಕ್ಕೆ ಮುಗಿಸಿದರೆ ಇನ್ನೊಮ್ಮೆ ಮಾಡಿಸಿ. ಇತ್ತೀಚೆಗೆ ಕಣ್ಣು, ಹೊಟ್ಟೆ, ಎದೆಯ ಶಸ್ತ್ರಚಿಕಿತ್ಸೆ ಆಗಿದ್ದರೆ, ಎದೆನೋವು ಇದ್ದರೆ, ಕಫದಲ್ಲಿ ರಕ್ತ ಕಂಡಿದ್ದರೆ ಊದುವ ಮುನ್ನ ವೈದ್ಯರಿಗೆ ಹೇಳಲೇಬೇಕು.

ಕಣ್ಣಿನ ವಿಚಾರ ಚಿಕ್ಕದು: ಕನ್ನಡಕ ಮರೆಯಬೇಡಿ. ಓದುವ ಕನ್ನಡಕ ಬೇರೆ ಇದ್ದರೆ ಅದನ್ನೂ ತನ್ನಿ.

ಫಾರಂ ತುಂಬುವಾಗ

ಹಿಂದಿನ ಕಾಯಿಲೆ, ಆಪರೇಷನ್, ಅಲರ್ಜಿ, ಮೊದಲಿನ ಕೆಲಸಗಳು, ಎಷ್ಟು ವರ್ಷ ಯಾವ ದೂಳು, ಯಾವ ಸದ್ದು, ಇವನ್ನು ಮನೆಯಲ್ಲೇ ಒಂದು ಚೀಟಿಯಲ್ಲಿ ಬರೆದುಕೊಂಡರೆ ಸಾಲಿನಲ್ಲಿ ಒದ್ದಾಟ ಇರುವುದಿಲ್ಲ. ಮೂರ್ಛೆ ರೋಗ, ತಲೆಸುತ್ತು ಮುಚ್ಚಿಟ್ಟು ಕ್ರೇನ್ ಹತ್ತುವುದು ಪ್ರಾಣಕ್ಕೇ ಸಂಚಕಾರ, ಕೆಳಗೆ ನಿಂತವರ ಪ್ರಾಣಕ್ಕೂ. ಹೇಳಿದರೆ ಕೆಲಸ ಹೋಗುತ್ತದೆಂಬ ಭಯ ಸಹಜ. ಆದರೆ ವೈದ್ಯರ ಮುಂದೆ ‘ಫಿಟ್’, ‘ಅನ್‌ಫಿಟ್’ ಜೊತೆಗೆ ‘ಎತ್ತರದ ಕೆಲಸ ಬಿಟ್ಟು ಉಳಿದದ್ದಕ್ಕೆ ಫಿಟ್’ ಎಂಬ ಮೂರನೆಯ ದಾರಿಯೂ ಇದೆ.

ಒಪ್ಪಿಗೆ ಪತ್ರವನ್ನು ಓದಿ ಸಹಿ ಹಾಕಿ. ಪೂರ್ತಿ ರಿಪೋರ್ಟ್ ಯಾರಿಗೆ ಹೋಗುತ್ತದೆ ಎಂಬ ಸಾಲು ಹುಡುಕಿ. ಎಚ್‌ಆರ್‌ಗೆ ಬೇಕಾಗುವುದು ಕೆಲಸಕ್ಕೆ ಯೋಗ್ಯರೇ ಎಂಬ ತೀರ್ಮಾನ. ಕೊಲೆಸ್ಟ್ರಾಲ್, ಮುಟ್ಟಿನ ವಿವರ ವೈದ್ಯರ ಬಳಿ ಉಳಿದರೆ ಸಾಕು. ಎಚ್‌ಐವಿ ಪರೀಕ್ಷೆ ಬೇರೆಯೇ ವಿಷಯ. 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆಯ ಪ್ರಕಾರ ಕೆಲಸ ಕೊಡಲು ಆ ಪರೀಕ್ಷೆಯನ್ನು ಷರತ್ತಾಗಿ ಇಡುವಂತಿಲ್ಲ, ತಿಳಿಸಿ ಒಪ್ಪಿಗೆ ಪಡೆಯದೆ ಮಾಡುವಂತೆಯೂ ಇಲ್ಲ. ಪಟ್ಟಿಯಲ್ಲಿ ಅದು ಕಂಡರೆ ಪ್ರಶ್ನಿಸಿ.

ಜ್ವರ, ಭೇದಿ, ಹಲ್ಲುನೋವು ಇದ್ದ ದಿನ ಹೋಗಬೇಡಿ. ಬಿಳಿ ರಕ್ತಕಣ, ಉರಿಯೂತ ತೋರಿಸುವ ಇಎಸ್‌ಆರ್, ಶುಗರ್ ಎಲ್ಲವೂ ಏರಿ ಬರಬಹುದು. ಕ್ಯಾಂಪು ತಪ್ಪಿದರೆ ಲ್ಯಾಬಿಗೇ ಹೋಗಿ ಕೊಡುವ ವ್ಯವಸ್ಥೆ ಇದೆಯೇ ಎಂದು ಕೇಳಿ.

ರಿಪೋರ್ಟ್ ಬಂದ ಮೇಲೆ

ದಪ್ಪ ಅಕ್ಷರ ಕಂಡ ಕೂಡಲೇ ಅಂತರ್ಜಾಲ ತಡಕಾಡುವ ಬದಲು ಹೋದ ವರ್ಷದ ಹಾಳೆಯನ್ನು ಪಕ್ಕದಲ್ಲಿಡಿ. ಕ್ರಿಯಾಟಿನಿನ್ 0.8ರಿಂದ 1.2ಕ್ಕೆ ಏರಿದ್ದರೆ ಎರಡೂ ‘ನಾರ್ಮಲ್’ ಮಿತಿಯಲ್ಲೇ ಇದ್ದರೂ ವೈದ್ಯರಿಗೆ ತೋರಿಸಬೇಕಾದ್ದೇ. ಖಾಲಿ ಹೊಟ್ಟೆಯ ಶುಗರ್ 100ರಿಂದ 125, ಎಚ್‌ಬಿಎ1ಸಿ 5.7ರಿಂದ 6.4 ಇದ್ದರೆ ಮಧುಮೇಹದ ಹೊಸ್ತಿಲು. 126 ಅಥವಾ 6.5 ಮುಟ್ಟಿದರೆ ಮಧುಮೇಹದ ಮಟ್ಟ. ಲಕ್ಷಣಗಳಿಲ್ಲದವರಲ್ಲಿ ಮತ್ತೊಮ್ಮೆ ಪರೀಕ್ಷಿಸಿಯೇ ತೀರ್ಮಾನ. ಕಬ್ಬಿಣದ ಕೊರತೆಯ ರಕ್ತಹೀನತೆ ಇದ್ದವರಲ್ಲಿ ಎಚ್‌ಬಿಎ1ಸಿ ಇರುವುದಕ್ಕಿಂತ ಹೆಚ್ಚು ತೋರಿಸಬಹುದು, ಆದ್ದರಿಂದ ಹಿಮೋಗ್ಲೋಬಿನ್ ಅಂಕಿಯನ್ನೂ ಜೊತೆಗೇ ನೋಡಿ.

ಕೊನೆಗೊಂದು ಕಾಗದದ ಕೆಲಸ. ಸೇರುವಾಗ ಮಾಡಿಸಿದ ಕಿವಿಯ ಗ್ರಾಫ್, ಶ್ವಾಸ ಪರೀಕ್ಷೆ, ಎಕ್ಸ್‌ರೇ ವರದಿಗಳ ಪ್ರತಿಯನ್ನು ಫೋನಿನಲ್ಲಿ ಫೋಟೊ ತೆಗೆದು, ಮನೆಯಲ್ಲೂ ಒಂದು ಫೈಲಿನಲ್ಲಿಡಿ. ಸದ್ದಿನಿಂದ ಕಿವುಡು, ಸಿಲಿಕಾ ದೂಳಿನಿಂದ ಬರುವ ಶ್ವಾಸಕೋಶದ ಕಾಯಿಲೆ ಸಿಲಿಕೋಸಿಸ್, ಸೀಸದ ವಿಷ ಇವು ಕಾರ್ಖಾನೆ ಕಾಯ್ದೆಯ ಮೂರನೇ ಅನುಸೂಚಿಯಲ್ಲಿ ಹೆಸರಿಸಿದ್ದ ರೋಗಗಳು. ಹತ್ತು ವರ್ಷದ ನಂತರ ಪರಿಹಾರ ಕೇಳಬೇಕಾಗಿ ಬಂದಾಗ, ‘ಈತ ಸೇರುವಾಗಲೇ ಕಿವಿ ಮಂದ ಇತ್ತು’ ಎಂಬ ವಾದಕ್ಕೆ ಉತ್ತರ ಕೊಡುವುದು ಆ ಮೊದಲ ಗ್ರಾಫ್. ಕೆಲಸ ಬಿಡುವಾಗ ರಿಲೀವಿಂಗ್ ಲೆಟರ್ ಕೇಳುವ ದಿನವೇ ನಿರ್ಗಮನದ ಕಿವಿ ಪರೀಕ್ಷೆಯನ್ನೂ ಕೇಳಿ, ಅದರ ಪ್ರತಿ ಪಡೆದು ಗೇಟು ದಾಟಿ.